ಅಂಡಾಶಯ ಕ್ಯಾನ್ಸರ್ ಗೆದ್ದ ನಂತರ: ವೈದ್ಯರು ಕೇಳದ, ರೋಗಿ ಹೇಳದ ನೋವು

ಬೆಂಗಳೂರು: ಶಸ್ತ್ರಚಿಕಿತ್ಸೆ ಮುಗಿಯಿತು. ಆರು ಸುತ್ತಿನ ಕಿಮೋಥೆರಪಿಯೂ ಮುಗಿಯಿತು. ಉದುರಿಹೋಗಿದ್ದ ಕೂದಲು ಮತ್ತೆ ಮೂಡತೊಡಗಿತು. ಸಿಎ-125 ಎಂಬ ರಕ್ತಪರೀಕ್ಷೆಯ ಅಂಕಿ 35ಕ್ಕಿಂತ ಕೆಳಗಿಳಿಯಿತು. 'ಇನ್ನು ಮೂರು ತಿಂಗಳಿಗೊಮ್ಮೆ ಬಂದು ತೋರಿಸಿ ಹೋಗಿ' ಎಂದು ವೈದ್ಯರು ಹೇಳಿ ಕಳುಹಿಸಿದರು. ಮನೆಯವರ ಪಾಲಿಗೆ ಕಾಯಿಲೆ ಅಲ್ಲಿಗೆ ಮುಗಿಯಿತು. ಆದರೆ ಅಂಡಾಶಯದ ಕ್ಯಾನ್ಸರ್‌ನಿಂದ ಪಾರಾಗಿ ಮನೆಗೆ ಮರಳಿದ ಅನೇಕ ಮಹಿಳೆಯರಿಗೆ ಇನ್ನೊಂದು ತೊಂದರೆ ಆರಂಭವಾಗುವುದು ಇಲ್ಲಿಂದಲೇ.

ಗಂಡನೊಂದಿಗೆ ಸೇರುವುದು ನೋವಿನ ಸಂಗತಿಯಾಗುತ್ತದೆ. ಕೆಲವರಿಗೆ ಅದು ಸಹಿಸಲಾಗದ ಉರಿ. ಕೆಲವರಿಗೆ ಬಯಕೆಯೇ ಬತ್ತಿಹೋದ ಅನುಭವ. ಇದನ್ನು ತಾಯಿಯ ಬಳಿ ಹೇಳುವಂತಿಲ್ಲ, ಅಕ್ಕತಂಗಿಯರ ಬಳಿಯೂ ಹೇಳುವಂತಿಲ್ಲ. 'ಜೀವ ಉಳಿದಿದೆಯಲ್ಲ, ಇನ್ನೇನು ಬೇಕು?' ಎಂಬ ಉತ್ತರ ಸಿದ್ಧವಾಗಿರುತ್ತದೆ ಎಂಬುದು ಆಕೆಗೂ ಗೊತ್ತು. ಹೀಗಾಗಿ ಆಕೆ ಸುಮ್ಮನಾಗುತ್ತಾಳೆ. ವಿಷಾದವೆಂದರೆ, ಈ ತೊಂದರೆಯ ಬಹುಭಾಗಕ್ಕೆ ಸರಳವಾದ, ದುಬಾರಿಯಲ್ಲದ ಪರಿಹಾರವಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷ ಸುಮಾರು 47 ಸಾವಿರ ಮಹಿಳೆಯರಲ್ಲಿ ಅಂಡಾಶಯದ ಕ್ಯಾನ್ಸರ್ ಹೊಸದಾಗಿ ಪತ್ತೆಯಾಗಿದೆ. ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ಬಿಟ್ಟರೆ ಭಾರತೀಯ ಮಹಿಳೆಯರನ್ನು ಹೆಚ್ಚು ಕಾಡುವುದು ಇದೇ. ಹೊಟ್ಟೆಯುಬ್ಬರ, ಅಜೀರ್ಣ, ಬೇಗ ಹೊಟ್ಟೆ ತುಂಬಿದ ಭಾವನೆ, ಇಂತಹ ಸಾಮಾನ್ಯ ಲಕ್ಷಣಗಳ ಮರೆಯಲ್ಲೇ ಬೆಳೆಯುವ ಈ ರೋಗ ಬಹುಪಾಲು ಸಂದರ್ಭಗಳಲ್ಲಿ ಪತ್ತೆಯಾಗುವುದು ಮೂರನೆಯ ಅಥವಾ ನಾಲ್ಕನೆಯ ಹಂತದಲ್ಲಿ. ಮರುಕಳಿಸುವ ಸ್ವಭಾವವೂ ಇದಕ್ಕಿದೆ. ಆದರೂ ಒಲಾಪರಿಬ್‌ನಂತಹ ಹೊಸ ಔಷಧಗಳು ಬಂದ ಮೇಲೆ, ಅವು ಒಗ್ಗುವ ರೋಗಿಗಳಲ್ಲಿ ರೋಗ ತಲೆಯೆತ್ತದ ಅವಧಿ ಹಿಂದಿಗಿಂತ ಹೆಚ್ಚಾಗಿದೆ. ಹೀಗೆ ದೊರೆತ ವರ್ಷಗಳು ಹೇಗೆ ಕಳೆಯಬೇಕು ಎಂಬ ಪ್ರಶ್ನೆಗೆ ಚಿಕಿತ್ಸೆಯ ಕಡತದಲ್ಲಿ ಸ್ಥಳವಿಲ್ಲ.

ಒಂದೇ ದಿನದ ಋತುಬಂಧ

ಅಂಡಾಶಯದ ಕೆಲಸ ಅಂಡ ಬಿಡುಗಡೆ ಮಾಡುವುದಷ್ಟೇ ಅಲ್ಲ. ಈಸ್ಟ್ರೋಜೆನ್, ಪ್ರೊಜೆಸ್ಟೆರಾನ್ ಹಾರ್ಮೋನ್‌ಗಳ ಜೊತೆಗೆ ಅಲ್ಪ ಪ್ರಮಾಣದ ಟೆಸ್ಟೋಸ್ಟೆರಾನ್ ಸಹ ಅಲ್ಲಿ ಉತ್ಪತ್ತಿಯಾಗುತ್ತದೆ. ಟೆಸ್ಟೋಸ್ಟೆರಾನ್ ಎಂದರೆ ಗಂಡಸರ ಹಾರ್ಮೋನ್ ಎಂದೇ ಹಲವರ ತಿಳಿವಳಿಕೆ. ಆದರೆ ಹೆಣ್ಣಿನ ಬಯಕೆಯಲ್ಲೂ ಅದರ ಪಾತ್ರವಿದೆ.

ಈ ಕ್ಯಾನ್ಸರ್‌ನ ಶಸ್ತ್ರಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಎರಡೂ ಅಂಡಾಶಯಗಳು, ಅಂಡನಾಳಗಳು, ಗರ್ಭಕೋಶ, ಗರ್ಭಕೊರಳು ಮತ್ತು ಹೊಟ್ಟೆಯೊಳಗಿನ ಕೊಬ್ಬಿನ ಪದರವನ್ನು ತೆಗೆಯಲಾಗುತ್ತದೆ. ಭಾರತೀಯ ಮಹಿಳೆಯರಲ್ಲಿ ಮುಟ್ಟು ತಾನಾಗಿಯೇ ನಿಲ್ಲುವುದು ಸಾಮಾನ್ಯವಾಗಿ 46-47ರ ಆಸುಪಾಸಿನಲ್ಲಿ. ಅದಕ್ಕೆ ದೇಹ ಹಲವು ವರ್ಷಗಳ ಕಾಲ ನಿಧಾನವಾಗಿ ಸಿದ್ಧವಾಗುತ್ತದೆ. ಶಸ್ತ್ರಚಿಕಿತ್ಸೆಯ ಋತುಬಂಧಕ್ಕೆ ಅಂತಹ ಪೂರ್ವಸಿದ್ಧತೆಯಿಲ್ಲ. ಬೆಳಿಗ್ಗೆ ಇದ್ದ ಹಾರ್ಮೋನ್ ಮೂಲ ಸಂಜೆಗೆ ಇಲ್ಲ. ಮೈಯೆಲ್ಲ ಬಿಸಿಯೇರುವುದು, ರಾತ್ರಿ ಬೆವರು, ನಿದ್ದೆಗೇಡು, ಕಾರಣವಿಲ್ಲದ ಸಿಡುಕು ಇವೆಲ್ಲ ತೀವ್ರವಾಗಿ ಕಾಣಿಸಿಕೊಳ್ಳುತ್ತವೆ.

ಯೋನಿಯ ಒಳಪದರ ಈಸ್ಟ್ರೋಜೆನ್‌ನ ಆಸರೆಯಲ್ಲಿ ಬದುಕುವಂಥದ್ದು. ಆ ಆಸರೆ ತಪ್ಪಿದಾಗ ಪದರ ತೆಳುವಾಗುತ್ತದೆ, ತೇವ ಕಡಿಮೆಯಾಗುತ್ತದೆ, ಹಿಗ್ಗುವ ಗುಣ ಕುಗ್ಗುತ್ತದೆ. ಅಲ್ಲಿನ ಆಮ್ಲೀಯತೆಯನ್ನು ಕಾಪಾಡುವ ಉಪಕಾರಿ ಬ್ಯಾಕ್ಟೀರಿಯಾಗಳೂ ಕ್ಷೀಣಿಸುತ್ತವೆ. ಪರಿಣಾಮ: ಸಂಭೋಗದ ವೇಳೆ ನೋವು, ಕೆಲವೊಮ್ಮೆ ರಕ್ತ, ಮೂತ್ರದಲ್ಲಿ ಉರಿ, ಮತ್ತೆ ಮತ್ತೆ ಮೂತ್ರದ ಸೋಂಕು. 2014ರಲ್ಲಿ ವೈದ್ಯಕೀಯ ಸಂಘಟನೆಗಳು ಈ ಎಲ್ಲ ಲಕ್ಷಣಗಳನ್ನು ಒಟ್ಟುಗೂಡಿಸಿ 'ಋತುಬಂಧದ ಜನನಾಂಗ-ಮೂತ್ರಾಂಗ ಲಕ್ಷಣಕೂಟ' ಎಂಬ ಅರ್ಥದ ಹೊಸ ಹೆಸರನ್ನು ಕೊಟ್ಟವು. ಮೈ ಬಿಸಿಯೇರುವುದು ಕಾಲಕ್ರಮೇಣ ಕಡಿಮೆಯಾಗಬಹುದು. ಈ ಒಣಗುವಿಕೆ ಹಾಗಲ್ಲ. ಚಿಕಿತ್ಸೆ ಇಲ್ಲದಿದ್ದರೆ ವರ್ಷ ಕಳೆದಂತೆ ಹೆಚ್ಚುತ್ತದೆ. 'ಸ್ವಲ್ಪ ದಿನ ಹೋದರೆ ಸರಿಹೋಗುತ್ತದೆ' ಎಂದು ಕಾಯುವವರು ತಪ್ಪುವುದು ಇಲ್ಲಿಯೇ.

ಇಲ್ಲಿ ಒಂದು ತಪ್ಪು ಗ್ರಹಿಕೆಯನ್ನು ಹೇಳಲೇಬೇಕು. 'ಗರ್ಭಕೋಶ ತೆಗೆದರು' ಎಂದರೆ ಒಳಗೆಲ್ಲ ಖಾಲಿ, ಇನ್ನು ಸಂಸಾರ ಸಾಧ್ಯವಿಲ್ಲ ಎಂದು ನಂಬಿರುವವರು ಹಳ್ಳಿಯಲ್ಲಷ್ಟೇ ಅಲ್ಲ, ಓದಿದವರಲ್ಲೂ ಇದ್ದಾರೆ. ವಾಸ್ತವವಾಗಿ ಯೋನಿಮಾರ್ಗ ಇದ್ದಲ್ಲಿಯೇ ಇರುತ್ತದೆ. ಅದರ ಮೇಲ್ತುದಿಯನ್ನು ಮಾತ್ರ ಹೊಲಿದು ಮುಚ್ಚಲಾಗುತ್ತದೆ. ಸುಖದ ಸಂವೇದನೆಗೆ ಮುಖ್ಯ ಕಾರಣವಾದ ಹೊರಭಾಗದ ಚಂದ್ರನಾಡಿಗೂ ಈ ಶಸ್ತ್ರಚಿಕಿತ್ಸೆಗೂ ಸಂಬಂಧವಿಲ್ಲ. ಆದ್ದರಿಂದ ತೃಪ್ತಿಯ ಅನುಭವ ಸಾಧ್ಯ. ಅದಕ್ಕೆ ಮೊದಲಿಗಿಂತ ಹೆಚ್ಚು ಸಮಯ ಬೇಕಾಗಬಹುದು, ಅಷ್ಟೆ.

ಕಿಮೋಥೆರಪಿಯ ಪಾಲೂ ಇದೆ. ಕಾರ್ಬೋಪ್ಲಾಟಿನ್ ಮತ್ತು ಪ್ಯಾಕ್ಲಿಟಾಕ್ಸೆಲ್ ಜೋಡಿಯನ್ನು ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ ನೀಡಲಾಗುತ್ತದೆ. ಪ್ಯಾಕ್ಲಿಟಾಕ್ಸೆಲ್ ಕೈಕಾಲ ಬೆರಳುಗಳಲ್ಲಿ ಜೋಮು ತರುತ್ತದೆ. ಬೆರಳ ತುದಿಗೆ ಸ್ಪರ್ಶವೇ ಸರಿಯಾಗಿ ತಿಳಿಯದಿದ್ದರೆ ಮುಟ್ಟುವುದರಲ್ಲಿ ಇರುವ ಆಪ್ತತೆಯೂ ಮಂಕಾಗುತ್ತದೆ. ತಲೆಗೂದಲಿನ ಜೊತೆ ಹುಬ್ಬು, ರೆಪ್ಪೆ, ಮೈಮೇಲಿನ ಕೂದಲೂ ಉದುರುತ್ತವೆ. ಹೊಕ್ಕುಳ ಮೇಲಿನಿಂದ ಕೆಳಹೊಟ್ಟೆಯವರೆಗೆ ಇಳಿದ ಉದ್ದ ಗಾಯದ ಗೆರೆ ಕನ್ನಡಿಯಲ್ಲಿ ಕಾಣುತ್ತದೆ. ಕರುಳಿಗೂ ರೋಗ ಹರಡಿದ್ದ ಕೆಲವರಿಗೆ ಹೊಟ್ಟೆಯ ಮೇಲೆ ಮಲದ ಚೀಲ ಅಳವಡಿಸಿರುತ್ತಾರೆ. ಇವೆಲ್ಲದರ ನಡುವೆ 'ಇದು ನನ್ನ ಮೈ' ಎಂದು ಅನ್ನಿಸುವುದಕ್ಕೇ ಸಮಯ ಹಿಡಿಯುತ್ತದೆ.

ಇಬ್ಬರದೂ ಮೌನ

ಮಂಚದ ಇನ್ನೊಂದು ಬದಿಯಲ್ಲಿ ಇರುವವನ ಸ್ಥಿತಿಯನ್ನೂ ಗಮನಿಸಬೇಕು. ತಿಂಗಳುಗಟ್ಟಲೆ ಔಷಧ ಕೊಟ್ಟು, ವಾಂತಿ ಒರೆಸಿ, ಆಸ್ಪತ್ರೆಯ ಕಾರಿಡಾರಿನಲ್ಲಿ ರಾತ್ರಿ ಕಳೆದ ಗಂಡ ಅಷ್ಟರಲ್ಲಿ ದಾದಿಯಾಗಿ ಬದಲಾಗಿರುತ್ತಾನೆ. ಮುಟ್ಟಿದರೆ ಅವಳಿಗೆ ನೋವಾದೀತು, ಹೊಲಿಗೆ ಬಿಚ್ಚೀತು, ರೋಗ ಮರುಕಳಿಸೀತು ಎಂಬ ಭಯ ಅವನದು. ತನಗೆ ತಗಲೀತೇ ಎಂಬ ಶಂಕೆಯೂ ಕೆಲವರಿಗೆ ಇರುತ್ತದೆ. ಅವನು ದೂರ ಮಲಗುತ್ತಾನೆ. ಅವಳು ಅದನ್ನು ತಿರಸ್ಕಾರ ಎಂದು ತಿಳಿಯುತ್ತಾಳೆ. ಅವನು ಅವಳಿಗೆ ವಿಶ್ರಾಂತಿ ಕೊಡುತ್ತಿದ್ದೇನೆ ಎಂದುಕೊಂಡಿರುತ್ತಾನೆ. ಒಂದು ಮಾತಿನಲ್ಲಿ ಕರಗಬಹುದಾದ ಈ ಗೋಡೆ ವರ್ಷಗಳ ಕಾಲ ನಿಂತುಬಿಡುತ್ತದೆ. ಕ್ಯಾನ್ಸರ್ ಸಂಭೋಗದಿಂದ ಹರಡುವುದಿಲ್ಲ. ಸಂಭೋಗದಿಂದ ಮರುಕಳಿಸುವುದೂ ಇಲ್ಲ. ಈ ಎರಡು ವಾಕ್ಯಗಳನ್ನು ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ಕೊಡುವ ಚೀಟಿಯಲ್ಲಿ ಮುದ್ರಿಸಿದರೆ ಎಷ್ಟೋ ಮನೆಗಳಿಗೆ ಉಪಕಾರವಾದೀತು.

ಅಮೆರಿಕದ ಟೆಕ್ಸಾಸ್‌ನಲ್ಲಿ ಅಂಡಾಶಯ ಕ್ಯಾನ್ಸರ್‌ನ 232 ಮಹಿಳೆಯರ ಬಗ್ಗೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ಸಮಸ್ಯೆಯ ಗಾತ್ರವನ್ನು ತೋರಿಸಿತ್ತು. ಲೈಂಗಿಕವಾಗಿ ಸಕ್ರಿಯರಾಗಿದ್ದವರಲ್ಲಿ ಶೇ. 80ರಷ್ಟು ಮಂದಿ ಯೋನಿಯ ಒಣಗುವಿಕೆಯನ್ನೂ ಶೇ. 62ರಷ್ಟು ಮಂದಿ ನೋವನ್ನೂ ಹೇಳಿಕೊಂಡಿದ್ದರು. ಅದಕ್ಕೂ ಒಂದು ವರ್ಷ ಮೊದಲು, 2003ರಲ್ಲಿ, ಬ್ರಿಟನ್ನಿನ ಸಂಶೋಧಕರು ವೈದ್ಯರನ್ನೂ ದಾದಿಯರನ್ನೂ ಪ್ರಶ್ನಿಸಿದ್ದರು. ಬಹುತೇಕ ರೋಗಿಗಳಿಗೆ ಲೈಂಗಿಕ ತೊಂದರೆ ಬರುತ್ತದೆ ಎಂದು ಅವರಲ್ಲಿ ಹೆಚ್ಚಿನವರು ಒಪ್ಪಿದರು. ಆದರೆ ಅದರ ಬಗ್ಗೆ ರೋಗಿಯೊಂದಿಗೆ ಮಾತನಾಡುತ್ತಿದ್ದವರು ವೈದ್ಯರಲ್ಲಿ ಕಾಲು ಭಾಗ, ದಾದಿಯರಲ್ಲಿ ಐದನೆಯ ಒಂದು ಭಾಗ ಮಾತ್ರ. ಮಾತಿಗೆ ಅಷ್ಟು ಮುಜುಗರವಿಲ್ಲ ಎಂದು ನಾವು ಭಾವಿಸುವ ದೇಶದ ಕಥೆ ಇದು.

ಇಲ್ಲಿನ ಹೊರರೋಗಿ ವಿಭಾಗದ ಚಿತ್ರವನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ರಾತ್ರಿ ಬಸ್ಸಿನಲ್ಲಿ ಬಂದ ರೋಗಿ, ಕೈಯಲ್ಲಿ ಫೈಲು, ಜೊತೆಗೆ ಮಗ ಅಥವಾ ಅತ್ತೆ, ಹಿಂದೆ ಉದ್ದನೆಯ ಸರತಿ ಸಾಲು. ವೈದ್ಯರಿಗೆ ಸಿಗುವುದು ಕೆಲವೇ ನಿಮಿಷ. ಮಗನ ಮುಂದೆ ತಾಯಿ ಏನು ಕೇಳಿಯಾಳು? ಭಾಷೆಯೂ ಅಡ್ಡಿ. ಪುಸ್ತಕದ ಕನ್ನಡದಲ್ಲಿ 'ಸಂಭೋಗ', 'ಯೋನಿ' ಎಂಬ ಪದಗಳಿವೆ. ಅವನ್ನು ಬಾಯಿಬಿಟ್ಟು ಹೇಳುವವರು ವಿರಳ. ಆಡುಮಾತಿನ ಪದಗಳು ಬೈಗುಳವಾಗಿ ಕೇಳುತ್ತವೆ. ಹೀಗಾಗಿ ಹೆಂಗಸರು 'ಕೆಳಗೆ ಉರಿ', 'ಮನೆಯವರ ಜೊತೆ ಆಗುತ್ತಿಲ್ಲ' ಎಂದು ಸುತ್ತಿ ಬಳಸಿ ಹೇಳುತ್ತಾರೆ. ಕೇಳಿಸಿಕೊಳ್ಳುವವರಿಗೆ ವ್ಯವಧಾನವಿಲ್ಲದಿದ್ದರೆ 'ಉರಿ'ಗೆ ಮೂತ್ರಪರೀಕ್ಷೆ ಬರೆದುಕೊಟ್ಟು ಕಳುಹಿಸುವುದೂ ಉಂಟು.

ಇದಕ್ಕೆ ವೈದ್ಯರಿಗೆ ಹೇಳಿಕೊಡುವ ಒಂದು ಹಳೆಯ ಕ್ರಮವಿದೆ. ಅಮೆರಿಕದ ಮನಃಶಾಸ್ತ್ರಜ್ಞ ಜಾಕ್ ಆ್ಯನನ್ 1976ರಲ್ಲಿ ರೂಪಿಸಿದ ಈ ಕ್ರಮದಲ್ಲಿ ನಾಲ್ಕು ಮೆಟ್ಟಿಲುಗಳಿವೆ: ಮೊದಲು ಮಾತನಾಡಲು ಅನುಮತಿ, ನಂತರ ಸ್ವಲ್ಪ ಮಾಹಿತಿ, ಅನಂತರ ನಿರ್ದಿಷ್ಟ ಸಲಹೆ, ಕೊನೆಗೆ ಅಗತ್ಯವಿದ್ದವರಿಗೆ ಮಾತ್ರ ತಜ್ಞರ ದೀರ್ಘ ಚಿಕಿತ್ಸೆ. ಹೆಚ್ಚಿನವರಿಗೆ ಮೊದಲ ಎರಡು ಮೂರು ಮೆಟ್ಟಿಲುಗಳೇ ಸಾಕಾಗುತ್ತವೆ ಎಂಬುದು ಅದರ ತಿರುಳು. 'ಈ ಚಿಕಿತ್ಸೆಯ ನಂತರ ಅನೇಕರಿಗೆ ಗಂಡನ ಜೊತೆ ಸೇರುವಾಗ ನೋವಾಗುತ್ತದೆ, ನಿಮಗೂ ಹಾಗೆ ಆಗುತ್ತಿದೆಯೇ?' ಎಂಬ ಒಂದು ಪ್ರಶ್ನೆಗೆ ಅರ್ಧ ನಿಮಿಷ ಸಾಕು.

ಔಷಧಿ ಅಂಗಡಿಯಲ್ಲೇ ಇದೆ ಮೊದಲ ಪರಿಹಾರ

ಎರಡು ಬಗೆಯ ಉತ್ಪನ್ನಗಳನ್ನು ಜನ ಒಂದೇ ಎಂದು ತಿಳಿಯುತ್ತಾರೆ. ಒಂದು, ಯೋನಿಯ ಮಾಯಿಶ್ಚರೈಸರ್. ಇದನ್ನು ವಾರಕ್ಕೆ ಎರಡು ಮೂರು ಬಾರಿ, ಸಂಭೋಗ ಇರಲಿ ಇಲ್ಲದಿರಲಿ, ನಿಯಮಿತವಾಗಿ ಬಳಸಬೇಕು. ಹಾಗೆ ಮಾಡಿದರೆ ಒಳಪದರದಲ್ಲಿ ತೇವ ಉಳಿಯುತ್ತದೆ. ಇನ್ನೊಂದು, ಲೂಬ್ರಿಕೆಂಟ್ ಅಥವಾ ಜಾರಕ. ಇದು ಆ ಹೊತ್ತಿನ ಘರ್ಷಣೆ ತಪ್ಪಿಸಲು ಮಾತ್ರ. ನೀರಿನ ಆಧಾರದ್ದು ಬೇಗ ಒಣಗುತ್ತದೆ, ಸಿಲಿಕೋನ್ ಆಧಾರದ್ದು ಹೆಚ್ಚು ಹೊತ್ತು ಇರುತ್ತದೆ. ನಮ್ಮಲ್ಲಿ ಸುಲಭವಾಗಿ ಕೈಗೆ ಸಿಗುವುದು ಕೊಬ್ಬರಿ ಎಣ್ಣೆ. ಅದನ್ನು ಬಳಸುವವರು ಒಂದು ಸಂಗತಿ ನೆನಪಿಡಬೇಕು: ಎಣ್ಣೆ ತಗುಲಿದರೆ ರಬ್ಬರಿನ ಕಾಂಡೋಮ್ ದುರ್ಬಲವಾಗಿ ಹರಿಯುತ್ತದೆ. ಸುವಾಸನೆಯ ಸಾಬೂನು, ನಂಜುನಾಶಕ ದ್ರಾವಣಗಳಿಂದ ಒಳಭಾಗ ತೊಳೆಯುವ ಅಭ್ಯಾಸವನ್ನು ಬಿಡಬೇಕು. ಒಣಗಿದ ಪದರಕ್ಕೆ ಅವು ಇನ್ನಷ್ಟು ಉರಿ ತರುತ್ತವೆ.

ಇದರಿಂದ ಸಾಕಷ್ಟು ಗುಣ ಕಾಣದಿದ್ದರೆ ವೈದ್ಯರ ಸಲಹೆಯ ಮೇರೆಗೆ ಕಡಿಮೆ ಪ್ರಮಾಣದ ಈಸ್ಟ್ರೋಜೆನ್ ಕ್ರೀಮ್ ಅಥವಾ ಮಾತ್ರೆಯನ್ನು ಯೋನಿಯೊಳಗೇ ಬಳಸಬಹುದು. ರಕ್ತಕ್ಕೆ ಸೇರುವ ಅಂಶ ಅತ್ಯಲ್ಪ. 'ಹಾರ್ಮೋನ್ ಎಂದರೆ ಕ್ಯಾನ್ಸರ್' ಎಂಬ ಭಯ ಮಾತ್ರ ದೊಡ್ಡದು. ಅಮೆರಿಕದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2002ರಲ್ಲಿ ಹೊರಬಂದ ಮೇಲೆ ಈ ಭಯ ಜಗತ್ತಿನಾದ್ಯಂತ ಹಬ್ಬಿತು. ಅಂಡಾಶಯ ಕ್ಯಾನ್ಸರ್‌ನ ವಿಷಯದಲ್ಲಿ ಚಿತ್ರ ಬೇರೆ. ಚಿಕಿತ್ಸೆ ಮುಗಿಸಿದ 150 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹಾರ್ಮೋನ್ ನೀಡಿ, ದೀರ್ಘಕಾಲ ಗಮನಿಸಿದ ಯುರೋಪಿನ ಪ್ರಯೋಗವೊಂದು 2015ರಲ್ಲಿ ಪ್ರಕಟವಾಯಿತು. ಹಾರ್ಮೋನ್ ಪಡೆದವರಲ್ಲಿ ಆಯುಷ್ಯ ಕುಗ್ಗಿರಲಿಲ್ಲ, ಬದಲಿಗೆ ಹೆಚ್ಚಿತ್ತು. ಪ್ರಯೋಗ ಚಿಕ್ಕದು, ನಿಜ. ಆದರೆ ಹಾರ್ಮೋನ್ ಮುಟ್ಟಲೇಬಾರದು ಎಂಬ ಸಾರಾಸಗಟು ನಿಷೇಧಕ್ಕೆ ಆಧಾರವಿಲ್ಲ ಎಂಬುದು ಅದರಿಂದ ಗೊತ್ತಾಗುತ್ತದೆ.

ಎಲ್ಲರಿಗೂ ಇದು ಅನ್ವಯಿಸುವುದಿಲ್ಲ ಎಂಬ ಎಚ್ಚರಿಕೆ ಅಗತ್ಯ. ಅಂಡಾಶಯದ ಕ್ಯಾನ್ಸರ್ ಒಂದೇ ರೋಗವಲ್ಲ. ನಿಧಾನವಾಗಿ ಬೆಳೆಯುವ ಸೀರಸ್ ಬಗೆ, ಎಂಡೊಮೆಟ್ರಿಯಾಯ್ಡ್, ಗ್ರಾನ್ಯುಲೋಸಾ ಜೀವಕೋಶದ ಗಡ್ಡೆ ಇವು ಹಾರ್ಮೋನ್‌ಗೆ ಸ್ಪಂದಿಸಬಲ್ಲವು. ಇಂತಹ ಕೆಲವರಿಗೆ ಲೆಟ್ರೊಜೋಲ್ ಎಂಬ ಈಸ್ಟ್ರೋಜೆನ್ ತಗ್ಗಿಸುವ ಮಾತ್ರೆಯನ್ನೇ ಕೊಡಲಾಗುತ್ತದೆ. ಅವರಲ್ಲಿ ಒಣಗುವಿಕೆ ಇನ್ನೂ ಹೆಚ್ಚು. ಸ್ತನ ಕ್ಯಾನ್ಸರ್ ಬಂದಿದ್ದವರ ಲೆಕ್ಕವೂ ಬೇರೆ. ಆದ್ದರಿಂದ ನೆರೆಮನೆಯವರಿಗೆ ಬರೆದುಕೊಟ್ಟ ಕ್ರೀಮನ್ನು ತಂದು ಹಚ್ಚಿಕೊಳ್ಳುವುದು ಸಲ್ಲದು. ಬಯಾಪ್ಸಿ ವರದಿಯಲ್ಲಿ ತನ್ನದು ಯಾವ ಬಗೆ ಎಂದು ಕೇಳಿ ತಿಳಿದುಕೊಳ್ಳುವುದು ರೋಗಿಯ ಹಕ್ಕು.

ನೋವಿಗೆ ಇನ್ನೊಂದು ಮೂಲವಿದೆ. ಒಮ್ಮೆ ನೋವಾದರೆ ಮುಂದಿನ ಸಲ ದೇಹ ತಾನಾಗಿಯೇ ಬಿಗಿಯುತ್ತದೆ. ಬಿಗಿದರೆ ನೋವು ಹೆಚ್ಚು, ಹೆಚ್ಚಿದ ನೋವಿನಿಂದ ಮತ್ತಷ್ಟು ಬಿಗಿತ. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಪ್ರಚುರಪಡಿಸಿದ ಸ್ನಾಯು ಬಿಗಿಹಿಡಿಯುವ ವ್ಯಾಯಾಮವನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಬೋಧಿಸಲಾಗುತ್ತಿದೆ. ಮೂತ್ರ ಸೋರುವವರಿಗೆ ಅದು ಒಳ್ಳೆಯದು. ಆದರೆ ಮೊದಲೇ ಬಿಗಿದುಕೊಂಡಿರುವ ಸ್ನಾಯುವನ್ನು ಇನ್ನಷ್ಟು ಬಿಗಿಯುವುದರಿಂದ ತೊಂದರೆ ಹೆಚ್ಚಬಹುದು. ಅಂಥವರಿಗೆ ಬೇಕಾದದ್ದು ಆಳವಾದ ಉಸಿರಿನೊಂದಿಗೆ ಸ್ನಾಯುವನ್ನು ಸಡಿಲಿಸುವ ಅಭ್ಯಾಸ. ಅದನ್ನು ಕಲಿಸುವ ಫಿಸಿಯೋಥೆರಪಿಸ್ಟ್‌ಗಳು ದೊಡ್ಡ ನಗರಗಳಲ್ಲಿ ಸಿಗುತ್ತಾರೆ. ಸಣ್ಣ ಗಾತ್ರದಿಂದ ಆರಂಭಿಸಿ ಹಂತಹಂತವಾಗಿ ಬಳಸುವ ಡೈಲೇಟರ್ ಎಂಬ ನಯವಾದ ಸಾಧನಗಳೂ ಇವೆ.

ಯಾವಾಗ, ಹೇಗೆ?

ಶಸ್ತ್ರಚಿಕಿತ್ಸೆಯ ನಂತರ ಕನಿಷ್ಠ ಆರರಿಂದ ಎಂಟು ವಾರ ಸಂಭೋಗ ಬೇಡ ಎಂಬುದು ಸಾಮಾನ್ಯ ಸಲಹೆ. ಒಳಗಿನ ಹೊಲಿಗೆ ಮಾಗಿದೆಯೇ ಎಂದು ವೈದ್ಯರು ಪರೀಕ್ಷಿಸಿ ಹೇಳಿದ ಮೇಲೆಯೇ ಮುಂದುವರಿಯಬೇಕು. ಕೆಲವರಿಗೆ ಇನ್ನೂ ಹೆಚ್ಚು ಕಾಲ ಬೇಕು. ಕಿಮೋಥೆರಪಿ ನಡೆಯುತ್ತಿರುವಾಗ ನಿಷೇಧವೇನಿಲ್ಲ. ಆದರೆ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ತೀರಾ ಕುಸಿದಿರುವ ದಿನಗಳಲ್ಲಿ ಸೋಂಕು ಮತ್ತು ರಕ್ತಸ್ರಾವದ ಅಪಾಯವಿರುವುದರಿಂದ ತಡೆಯುವುದು ಒಳಿತು. ಔಷಧದ ಅಂಶ ದೇಹದ ದ್ರವಗಳಲ್ಲಿ ಇರಬಹುದಾದ ಮೊದಲ ಕೆಲವು ದಿನ ಕಾಂಡೋಮ್ ಬಳಸಲು ಹೇಳುತ್ತಾರೆ. ಮಾಗಿದ ನಂತರವೂ ರಕ್ತ, ದುರ್ವಾಸನೆಯ ಸ್ರಾವ, ಕೆಳಹೊಟ್ಟೆಯಲ್ಲಿ ಹೊಸ ನೋವು ಕಂಡರೆ ಮುಂದಿನ ತಪಾಸಣೆಯ ದಿನದವರೆಗೆ ಕಾಯಬಾರದು.

ಬಯಕೆಯ ವಿಚಾರ ಕ್ರೀಮಿನಷ್ಟು ಸುಲಭವಲ್ಲ. ಬಯಕೆ ಮೊದಲು ಹುಟ್ಟಬೇಕು, ಉಳಿದದ್ದು ಆಮೇಲೆ ಎಂಬುದು ಸಿನಿಮಾ ಕಲಿಸಿದ ಪಾಠ. ಕೆನಡಾದ ವೈದ್ಯೆ ರೋಸ್‌ಮೇರಿ ಬ್ಯಾಸನ್ 2000ದಲ್ಲಿ ಬೇರೆಯೇ ಮಾದರಿಯನ್ನು ಮುಂದಿಟ್ಟರು. ದೀರ್ಘ ದಾಂಪತ್ಯದಲ್ಲಿರುವ ಅನೇಕ ಮಹಿಳೆಯರಲ್ಲಿ ಆಪ್ತತೆ ಮೊದಲು ಬರುತ್ತದೆ, ಸ್ಪರ್ಶ ಹಿತವೆನಿಸಿದ ಮೇಲೆ ಬಯಕೆ ಹಿಂಬಾಲಿಸುತ್ತದೆ ಎಂಬುದು ಅವರ ವಾದ. ಕ್ಯಾನ್ಸರ್ ನಂತರ 'ನನಗೆ ಏನೂ ಅನ್ನಿಸುತ್ತಿಲ್ಲ, ನಾನು ಮುಗಿದೆ' ಎಂದುಕೊಳ್ಳುವವರಿಗೆ ಇದು ಸಮಾಧಾನದ ಸಂಗತಿ. ಮಾಸ್ಟರ್ಸ್ ಮತ್ತು ಜಾನ್ಸನ್ ಎಂಬ ಸಂಶೋಧಕ ಜೋಡಿ 1970ರಲ್ಲಿ ಪ್ರಕಟಿಸಿದ ವಿಧಾನವೊಂದು ಇಂದಿಗೂ ಬಳಕೆಯಲ್ಲಿದೆ: ಕೆಲವು ವಾರ ಸಂಭೋಗವನ್ನು ಉದ್ದೇಶಪೂರ್ವಕವಾಗಿ ನಿಷೇಧಿಸಿ, ಬರೀ ಸ್ಪರ್ಶಕ್ಕೆ ಸಮಯ ಕೊಡುವುದು. ಮುಂದೆ ನೋವಾದೀತೆಂಬ ಭಯ ಇಲ್ಲದಿದ್ದಾಗ ದೇಹ ಸಡಿಲಗೊಳ್ಳುತ್ತದೆ. ಮಹಿಳೆಯೇ ಆಳ, ವೇಗಗಳನ್ನು ನಿಯಂತ್ರಿಸಬಲ್ಲ ಭಂಗಿ ಅಥವಾ ಮಗ್ಗುಲಾಗಿ ಮಲಗುವ ಭಂಗಿಯಲ್ಲಿ ನೋವು ಕಡಿಮೆ. ಎರಡು ಕೋಣೆಯ ಮನೆಯಲ್ಲಿ ಅತ್ತೆ-ಮಾವ, ಮಕ್ಕಳೊಡನೆ ಬದುಕುವವರಿಗೆ ಇಂತಹ ಏಕಾಂತ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ಮಾತ್ರ ವಿದೇಶಿ ಪುಸ್ತಕಗಳಲ್ಲಿ ಉತ್ತರವಿಲ್ಲ.

ಹರೆಯದವರು, ಒಂಟಿಯಾದವರು

ಹದಿಹರೆಯದಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ ಬರುವ ಜರ್ಮ್ ಸೆಲ್ ಗಡ್ಡೆಗಳಲ್ಲಿ ಬಹಳಷ್ಟು ಸಲ ಒಂದು ಅಂಡಾಶಯವನ್ನೂ ಗರ್ಭಕೋಶವನ್ನೂ ಉಳಿಸಬಹುದು. ಮುಟ್ಟು ಮರಳುತ್ತದೆ, ಮಕ್ಕಳಾಗುವ ಸಾಧ್ಯತೆಯೂ ಇದೆ. ಆದರೆ ಮದುವೆಯ ಮಾತುಕತೆಯಲ್ಲಿ ಈ ವಿಷಯ ಹೇಳಬೇಕೇ, ಹೇಗೆ ಹೇಳಬೇಕು ಎಂಬ ಸಂಕಟವನ್ನು ಹುಡುಗಿಯೂ ಹೆತ್ತವರೂ ತಾವೇ ಹೊರುತ್ತಾರೆ.

ಬಿಆರ್‌ಸಿಎ ವಂಶವಾಹಿಯ ದೋಷವಿರುವವರು ರೋಗ ಬರುವ ಮೊದಲೇ ಅಂಡಾಶಯ ತೆಗೆಸಿಕೊಳ್ಳುವುದುಂಟು. ತಾಯಿಯನ್ನು ಈ ಕಾಯಿಲೆಗೆ ಕಳೆದುಕೊಂಡಿದ್ದ ಹಾಲಿವುಡ್ ನಟಿ ಏಂಜಲಿನಾ ಜೋಲಿ 2015ರಲ್ಲಿ ಅಂಡಾಶಯಗಳನ್ನು ತೆಗೆಸಿಕೊಂಡು ಪತ್ರಿಕೆಯಲ್ಲಿ ಬಹಿರಂಗವಾಗಿಯೇ ಬರೆದರು. ಋತುಬಂಧ ಆರಂಭವಾಗಿದೆ, ಹಾರ್ಮೋನ್ ಪಡೆಯುತ್ತಿದ್ದೇನೆ ಎಂದೂ ತಿಳಿಸಿದರು. ನಮ್ಮಲ್ಲಿ 2012ರಲ್ಲಿ ಅಂಡಾಶಯ ಕ್ಯಾನ್ಸರ್‌ಗೆ ಒಳಗಾದ ನಟಿ ಮನೀಷಾ ಕೊಯಿರಾಲಾ 2018ರಲ್ಲಿ ತಮ್ಮ ಅನುಭವವನ್ನು ಪುಸ್ತಕವಾಗಿ ಪ್ರಕಟಿಸಿದರು. ರೋಗದ ಹೆಸರನ್ನು ಪಿಸುಮಾತಿನಲ್ಲಿ ಹೇಳುತ್ತಿದ್ದ ಕಾಲ ಅಷ್ಟರಮಟ್ಟಿಗೆ ಸರಿದಿದೆ.

ವಿಧವೆಯರು, ಅವಿವಾಹಿತರು, ಅರವತ್ತು ದಾಟಿದವರನ್ನು ಈ ಬಗ್ಗೆ ಕೇಳಬೇಕೆಂದೇ ಯಾರಿಗೂ ತೋಚುವುದಿಲ್ಲ. ಗಂಡನಿಲ್ಲ ಎಂದ ಮೇಲೆ ತೊಂದರೆ ಎಲ್ಲಿ ಎಂಬ ಎಣಿಕೆ. ಒಣಗಿದ ಪದರ ನಡೆಯುವಾಗಲೂ ಕುಳಿತಾಗಲೂ ಉರಿಯುತ್ತದೆ; ತಪಾಸಣೆಗೆ ವೈದ್ಯರು ಕೈಯಿಟ್ಟರೆ ಜೀವ ಹೋದಂತಾಗುತ್ತದೆ. ಆ ಭಯಕ್ಕೇ ಮರುತಪಾಸಣೆ ತಪ್ಪಿಸಿಕೊಂಡರೆ ಅದರ ಬೆಲೆ ಬೇರೆಯೇ ಆದೀತು.

ಎಲ್ಲಿಗೆ ಹೋಗಬೇಕು? ಮೊದಲು ಶಸ್ತ್ರಚಿಕಿತ್ಸೆ ಮಾಡಿದ ತಂಡದ ಬಳಿಗೇ. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಸೇರಿದಂತೆ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಸ್ತ್ರೀರೋಗ ಕ್ಯಾನ್ಸರ್ ತಜ್ಞರಿದ್ದಾರೆ. ವೈದ್ಯರು ಗಂಡಸು ಎಂಬ ಸಂಕೋಚವಿದ್ದರೆ ದಾದಿಯರ ಮೂಲಕ ಹೇಳಿಸಬಹುದು. ಖಿನ್ನತೆ, ಆತಂಕಗಳು ಮುಂದಾಗಿದ್ದರೆ ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಹೆಸರು ಹೇಳುವ ಅಗತ್ಯವಿಲ್ಲ. ಬಾಯಿಬಿಟ್ಟು ಹೇಳಲು ಆಗದವರಿಗೆ ಒಂದು ಉಪಾಯವಿದೆ. ಮುಂದಿನ ತಪಾಸಣೆಗೆ ಹೋಗುವಾಗ 'ಸೇರುವಾಗ ನೋವಾಗುತ್ತದೆ, ಏನು ಮಾಡಬೇಕು?' ಎಂದು ಒಂದು ಚೀಟಿಯಲ್ಲಿ ಬರೆದು, ಸಿಎ-125 ವರದಿಯ ಮೇಲೆಯೇ ಪಿನ್ನು ಹಾಕಿ ಫೈಲಿನಲ್ಲಿಟ್ಟರೆ ಸಾಕು. ಆ ವರದಿಯನ್ನು ವೈದ್ಯರು ನೋಡಿಯೇ ನೋಡುತ್ತಾರೆ.